ಮೂವತ್ತು ಮೀಟರ್ ಕಾಫಿ ಕಣ, ಸೆಕೆಂಡಿಗೆ ಮೂರು ಮೀಟರ್ ಗಾಳಿ: ನನ್ನ ಘರ್ಷಣಾಂಕ ಎಲ್ಲಿ ತಪ್ಪುತ್ತಿದೆ?

ಕಣದಂಚಿನವಳು
ಶುಕ್ರವಾರ, ರಾತ್ರಿ 9.10

ನಮ್ಮದು ವಿರಾಜಪೇಟೆ ಕಡೆ. ಮನೆಯ ಮುಂದೆ ಕಾಫಿ ಒಣಗಿಸುವ 30 ಮೀಟರ್ ಉದ್ದದ ಸಿಮೆಂಟ್ ಕಣವಿದೆ. ರೊಬಸ್ಟಾ ಕೊಯ್ಲು ನಡೆಯುತ್ತಿದೆ, ಕಣದ ತುಂಬ ಚೆರ್ರಿ (ಕಾಫಿ ಹಣ್ಣು). ಗೋದಾಮಿನ ಪಕ್ಕದ ಮೂಲೆಯಲ್ಲಿ ಹರಡಿದ್ದು ಮಾತ್ರ ಪ್ರತಿ ವರ್ಷವೂ ಎರಡು ಮೂರು ದಿನ ತಡವಾಗಿ ಒಣಗುತ್ತದೆ. ಅಪ್ಪ ಅದನ್ನು ‘ಸೋಮಾರಿ ಮೂಲೆ’ ಎಂದೇ ಕರೆಯುವುದು. ಗಾಳಿ ಆ ಮೂಲೆಗೆ ಸರಿಯಾಗಿ ತಲುಪುತ್ತಿಲ್ಲ ಎಂಬುದು ನನ್ನ ಊಹೆ. ಬೆಂಗಳೂರಿನಲ್ಲಿ ಎಂಟೆಕ್ ಓದುತ್ತಿದ್ದೇನೆ, ಇದನ್ನೇ ಪ್ರಾಜೆಕ್ಟ್ ಮಾಡಿಕೊಂಡರೆ ಹೇಗೆ ಎಂದು ರಜೆಯಲ್ಲಿ ಶುರುಮಾಡಿದೆ.

ಗೋದಾಮು ಆಮೇಲೆ ನೋಡೋಣ, ಮೊದಲು ಬರಿಯ ಸಪಾಟು ನೆಲದ ಮೇಲೆ ಗಾಳಿ ಹರಿಸೋಣ ಎಂದುಕೊಂಡೆ. ಓಪನ್‌ಫೋಮ್, ಹರಿವಿನ ಲೆಕ್ಕ ಮಾಡುವ ತಂತ್ರಾಂಶ; ಎರಡು ಆಯಾಮ, ಗಾಳಿಯ ಸುಳಿಗಳಿಗೆ ಕೆ-ಒಮೇಗಾ ಎಸ್‌ಎಸ್‌ಟಿ ಮಾದರಿ. ಗಾಳಿಯ ವೇಗ ಸೆಕೆಂಡಿಗೆ 3 ಮೀಟರ್. ಮೇಲೆ 1 ಮೀಟರ್ ಎತ್ತರದಲ್ಲಿ ಘರ್ಷಣೆಯಿಲ್ಲದ ಮುಚ್ಚಳ. ಲೆಕ್ಕದ ಜಾಲರಿಯಲ್ಲಿ ನೆಲಕ್ಕೆ ತಾಗಿದ ಮೊದಲ ಸೆಲ್ಲಿನ (ಚೌಕದ) ಎತ್ತರ 4 ಮಿ.ಮೀ. ನೆಲದ ಬಳಿಯ ವೇಗವನ್ನು ಸೂತ್ರದಿಂದ ತುಂಬುವ ವಾಲ್ ಫಂಕ್ಷನ್ ಹಾಕಿಲ್ಲ. ಗಾಳಿ ಶಾಂತವಾಗಿ ಒಳಬರಲಿ ಎಂದು ಪ್ರವೇಶದಲ್ಲಿ ಪ್ರಕ್ಷುಬ್ಧತೆಯನ್ನು (ಗಾಳಿಯ ಕದಡಿಕೆಯನ್ನು) ಹೆಚ್ಚುಕಡಿಮೆ ಸೊನ್ನೆ ಇಟ್ಟಿದ್ದೇನೆ.

ಮೊದಲ ಎಂಟು ಮೀಟರ್‌ವರೆಗೆ ಘರ್ಷಣಾಂಕ, ಅಂದರೆ ಗಾಳಿ ನೆಲವನ್ನು ಎಷ್ಟು ಉಜ್ಜುತ್ತದೆ ಎಂದು ಹೇಳುವ ಸಂಖ್ಯೆ, 0.0005ರ ಆಸುಪಾಸಿನಲ್ಲೇ ತೂಕಡಿಸುತ್ತದೆ, ಅಲ್ಲಿಂದ ಒಮ್ಮೆಲೇ ಏರುತ್ತದೆ. ಕಣದ ಕೊನೆಯಲ್ಲಿ 0.0022. ಪಠ್ಯಪುಸ್ತಕದ ಸೂತ್ರದಂತೆ 0.0026 ಬರಬೇಕು. ಶೇಕಡಾ 15 ಕಡಿಮೆ. ಇಷ್ಟು ವ್ಯತ್ಯಾಸ ಒಪ್ಪಿಕೊಂಡು ಮುಂದೆ ಹೋಗಬಹುದೇ? ಬಣ್ಣದ ಚಿತ್ರವಂತೂ ಬಹಳ ಚೆನ್ನಾಗಿ ಬಂದಿದೆ.

ಜಾಲರಿ ಜಗಳಗಂಟ
ಶುಕ್ರವಾರ, ರಾತ್ರಿ 9.31

ಬಣ್ಣದ ಚಿತ್ರ ಚೆನ್ನಾಗಿ ಬರುವುದು ಚಿತ್ರ ಬಿಡಿಸುವ ಪ್ಯಾರಾವ್ಯೂ ತಂತ್ರಾಂಶದ ಗುಣ, ನಿಮ್ಮ ಲೆಕ್ಕದ ಗುಣವಲ್ಲ. ಮೊದಲ ಸೆಲ್ 4 ಮಿ.ಮೀ., ವಾಲ್ ಫಂಕ್ಷನ್ ಇಲ್ಲ ಎಂದಿರಲ್ಲ, ಅಲ್ಲಿಗೆ ಓದುವುದು ನಿಲ್ಲಿಸಿದೆ. ಮೊದಲ ಬಿಂದು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಹರಿವಿನದೇ ಅಳತೆಗೋಲಿನಲ್ಲಿ ಹೇಳುವ ವೈ-ಪ್ಲಸ್ ಎಷ್ಟು ಬಂದಿದೆ, ನೋಡಿದ್ದೀರಾ?

ಕಣದಂಚಿನವಳು
ಶುಕ್ರವಾರ, ರಾತ್ರಿ 9.40

ನೋಡಿಲ್ಲ. ಈಗ ನೋಡುತ್ತೇನೆ.

ಹಾರಂಗಿ ಮೇಷ್ಟ್ರು
ಶುಕ್ರವಾರ, ರಾತ್ರಿ 10.25

ಜಗಳಗಂಟರ ಸಿಟ್ಟು ನ್ಯಾಯವಾದದ್ದೇ, ಆದರೆ ಹುಡುಗಿ ಮಾಡಬೇಕಾದ ಮೊದಲ ಕೆಲಸವನ್ನೇ ಮಾಡಿದ್ದಾಳೆ. ಗೋದಾಮು ಕಟ್ಟುವ ಮೊದಲು ಬರಿ ನೆಲವನ್ನು ಸೂತ್ರದೊಂದಿಗೆ ಹೋಲಿಸಿದ್ದಾಳೆ. ಹತ್ತರಲ್ಲಿ ಒಂಬತ್ತು ಮಂದಿ ಅದನ್ನು ಮಾಡುವುದಿಲ್ಲ.

ಲೆಕ್ಕ ಒಟ್ಟಿಗೆ ಮಾಡೋಣ. 30 ಡಿಗ್ರಿ ಬಿಸಿಲಿನ ಗಾಳಿಯ ಚಲನ ಸ್ನಿಗ್ಧತೆ (ಅಂಟುತನದ ಅಳತೆ) ಸೆಕೆಂಡಿಗೆ ಸುಮಾರು 0.000016 ಚದರ ಮೀಟರ್. 3 ಇಂಟು 30, ಅದನ್ನು ಇದರಿಂದ ಭಾಗಿಸಿದರೆ ಕಣದ ಕೊನೆಯಲ್ಲಿ ರೆನಾಲ್ಡ್ಸ್ ಸಂಖ್ಯೆ 56 ಲಕ್ಷ. ಈ ಸಂಖ್ಯೆ ದೊಡ್ಡದಾದಷ್ಟೂ ಹರಿವು ಕದಡುವುದು ಸುಲಭ. ನುಣುಪಾದ ಸಪಾಟು ಹಲಗೆಯ ಮೇಲೆ ಹರಿವು ಪ್ರಕ್ಷುಬ್ಧವಾಗಲು ಸಾಮಾನ್ಯವಾಗಿ 5 ಲಕ್ಷ ಸಾಕು, ಅಂದರೆ ನಿನ್ನ ಕಣದಲ್ಲಿ ಮೂರು ಮೀಟರ್ ದಾಟುವುದರೊಳಗೆ. 0.0592ನ್ನು ರೆನಾಲ್ಡ್ಸ್ ಸಂಖ್ಯೆಯ ಐದನೇ ಮೂಲದಿಂದ ಭಾಗಿಸಿದರೆ 0.00264. ಹಾಗಾಗಿ ನಿನ್ನ ಗುರಿಸಂಖ್ಯೆ ಸರಿಯಿದೆ.

ಈಗ ಗೋಡೆಯ ಬಳಿಗೆ ಹೋಗೋಣ. ಆ ಘರ್ಷಣಾಂಕದಿಂದ ಬರುವ ಘರ್ಷಣ ವೇಗ (ಉಜ್ಜುವಿಕೆಯನ್ನು ವೇಗದ ರೂಪದಲ್ಲಿ ಹೇಳುವ ಸಂಖ್ಯೆ) ಸೆಕೆಂಡಿಗೆ 0.109 ಮೀಟರ್. ಸ್ನಿಗ್ಧತೆಯನ್ನು ಇದರಿಂದ ಭಾಗಿಸಿದರೆ ವೈ-ಪ್ಲಸ್ 1 ಎಂದರೆ ನೆಲದಿಂದ 0.15 ಮಿ.ಮೀ. ಎತ್ತರ ಎಂದು ತಿಳಿಯುತ್ತದೆ. ನಿನ್ನ ಮೊದಲ ಸೆಲ್ಲಿನ ನಡುಬಿಂದು 2 ಮಿ.ಮೀ. ಎತ್ತರದಲ್ಲಿದೆ, ಅಂದರೆ ವೈ-ಪ್ಲಸ್ 13.6. ಬಸ್ಸಿಗೂ ಸಿಗದೆ ಜೀಪಿಗೂ ಸಿಗದೆ ನಡುದಾರಿಯಲ್ಲಿ ನಿಂತ ಹಾಗೆ. 5ರ ಕೆಳಗಿದ್ದರೆ ವೇಗ ನೆಲದಿಂದ ನೇರ ಗೆರೆಯಲ್ಲಿ ಏರುತ್ತದೆ. 30 ದಾಟಿದರೆ ಫಾನ್ ಕಾರ್ಮಾನ್ 1930ರಲ್ಲಿ ತೋರಿಸಿದ ಲಾಗರಿದಮ್ ನಿಯಮ ನಡೆಯುತ್ತದೆ. ನಡುವಿನ ಜಾಗದಲ್ಲಿ ಎರಡೂ ಇಲ್ಲ.

ವಾಲ್ ಫಂಕ್ಷನ್ ಇಲ್ಲದಿದ್ದರೆ ಕಂಪ್ಯೂಟರ್ ನೆಲದಿಂದ ಮೊದಲ ಬಿಂದುವಿಗೆ ನೇರ ಗೆರೆ ಎಳೆಯುತ್ತದೆ. ವೈ-ಪ್ಲಸ್ 13.6ರಲ್ಲಿ ನಿಜವಾದ ವೇಗ, ಘರ್ಷಣ ವೇಗದ ಸುಮಾರು 9.7 ಪಟ್ಟು. 9.7ನ್ನು 13.6ರಿಂದ ಭಾಗಿಸು, 0.71. ಅಂದರೆ ನೂರು ರೂಪಾಯಿ ಇರಬೇಕಾದಲ್ಲಿ ಎಪ್ಪತ್ತೊಂದು ಎಣಿಸುತ್ತಿದೆ. ಹಾಗಾದರೆ ನಿನಗೆ 0.0019 ಬರಬೇಕಿತ್ತು. 0.0022 ಬಂದಿದೆ. ನನ್ನ ತಲೆ ಕೆರೆಯುತ್ತಿರುವುದು ಇದು.

ಕಣದಂಚಿನವಳು
ಶುಕ್ರವಾರ, ರಾತ್ರಿ 10.52

ವೈ-ಪ್ಲಸ್ ಮುದ್ರಿಸಿದೆ ಸರ್, ಕಣದ ಕೊನೆಯ ಭಾಗದಲ್ಲಿ 12 ಬರುತ್ತಿದೆ. ನೀವು ಕಾಗದದಲ್ಲಿ ಮಾಡಿದ ಲೆಕ್ಕ ನನ್ನ ಲ್ಯಾಪ್‌ಟಾಪ್ ನಾಲ್ಕು ಗಂಟೆ ತೆಗೆದುಕೊಂಡು ಮಾಡಿದ್ದಕ್ಕಿಂತ ನಿಜಕ್ಕೆ ಹತ್ತಿರವಿದೆ.

ಜಾಲರಿ ಜಗಳಗಂಟ
ಶುಕ್ರವಾರ, ರಾತ್ರಿ 11.15

ಮೇಷ್ಟ್ರೇ, ತಲೆ ಕೆರೆದುಕೊಳ್ಳಬೇಡಿ. ಮುಚ್ಚಳ ನೋಡಿ. ಕಣದ ಕೊನೆಯಲ್ಲಿ ಗಡಿಪದರದ, ಅಂದರೆ ನೆಲದ ಉಜ್ಜುವಿಕೆಯಿಂದ ನಿಧಾನವಾದ ಗಾಳಿಯ ಪದರದ, ದಪ್ಪ ಎಷ್ಟು? 0.37 ಇಂಟು 30, ಭಾಗಿಸು ರೆನಾಲ್ಡ್ಸ್‌ನ ಐದನೇ ಮೂಲ. ಹತ್ತಿರ ಹತ್ತಿರ ಅರ್ಧ ಮೀಟರ್. ಇವರು ಮುಚ್ಚಳ ಹಾಕಿರುವುದು 1 ಮೀಟರಿಗೆ! ನೆಲದ ಬಳಿ ನಿಧಾನವಾದ ಗಾಳಿ ಮೇಲಿನ ಗಾಳಿಯನ್ನು ಸುಮಾರು 6 ಸೆಂ.ಮೀ. ಮೇಲಕ್ಕೆ ತಳ್ಳುತ್ತದೆ. ಹೊರಗೆ ಹೋಗಲು ದಾರಿಯಿಲ್ಲ, ಮೇಲಿನದು ಶೇಕಡಾ 6ರಷ್ಟು ಓಡಲೇಬೇಕು. ಘರ್ಷಣೆ ವೇಗದ ವರ್ಗದಂತೆ ಏರುತ್ತದೆ, ಆದರೆ ಇವರು ಭಾಗಿಸುತ್ತಿರುವುದು ಪ್ರವೇಶದ 3 ಮೀಟರ್ ವೇಗದಿಂದ. ಶೇಕಡಾ 12–13 ಅಲ್ಲೇ ಸುಳ್ಳು ಏರಿಕೆ.

ಇನ್ನೊಂದು: ಎಂಟು ಮೀಟರ್‌ವರೆಗೆ ಹರಿವು ಮಲಗಿದ್ದರಿಂದ ಪ್ರಕ್ಷುಬ್ಧ ಪದರ ತಡವಾಗಿ ಹುಟ್ಟಿದೆ. ತಡವಾಗಿ ಹುಟ್ಟಿದ್ದು ತೆಳ್ಳಗಿರುತ್ತದೆ, ತೆಳ್ಳಗಿದ್ದರೆ ಘರ್ಷಣೆ ಹೆಚ್ಚು. ಅದರಿಂದ ಇನ್ನೊಂದು ಐದಾರು.

ಒಟ್ಟಿನಲ್ಲಿ ಒಂದು ತಪ್ಪು ಕೆಳಕ್ಕೆ ಎಳೆಯುತ್ತಿದೆ, ಎರಡು ತಪ್ಪುಗಳು ಮೇಲಕ್ಕೆ ದೂಡುತ್ತಿವೆ, ನಡುವೆ ನಿಂತು ಶೇಕಡಾ 15 ತಾನೇ ಎನ್ನುತ್ತಿದ್ದೀರಿ. ಇನ್ನೊಂದು ತಪ್ಪು ಮಾಡಿದ್ದರೆ ಸರಿಯುತ್ತರವೇ ಬರುತ್ತಿತ್ತು.

ಮೊದಲ ಸೆಮಿಸ್ಟರ್
ಶನಿವಾರ, ಬೆಳಗ್ಗೆ 7.05

ಅಕ್ಕ, ಈ ಮಾದರಿಗಳ ಗೊಡವೆಯೇ ಬೇಡ, ಹರಿವಿನ ಮೂಲ ಸಮೀಕರಣವಾದ ನೇವಿಯರ್-ಸ್ಟೋಕ್ಸ್ ಸಮೀಕರಣವನ್ನೇ ನೇರವಾಗಿ ಬಿಡಿಸಿದರೆ ಆಗದೇ? ನೇರ ಸಂಖ್ಯಾತ್ಮಕ ಅನುಕರಣೆ ಅತ್ಯಂತ ನಿಖರ ಎಂದು ಓದಿದ್ದೇನೆ.

ಜಾಲರಿ ಜಗಳಗಂಟ
ಶನಿವಾರ, ಬೆಳಗ್ಗೆ 8.20

ಆಗುತ್ತದೆ. ಲ್ಯಾಪ್‌ಟಾಪ್ ಬದಲು ಸೂಪರ್ ಕಂಪ್ಯೂಟರ್ ಕೇಳಿ ನೋಡು.

ಹಾರಂಗಿ ಮೇಷ್ಟ್ರು
ಶನಿವಾರ, ಬೆಳಗ್ಗೆ 9.45

ಪ್ರಶ್ನೆ ಕೇಳಿದ ಹುಡುಗನಿಗೆ ಉತ್ತರ ಸಿಗಬೇಕು. ಪ್ರಕ್ಷುಬ್ಧ ಹರಿವಿನಲ್ಲಿ ದೊಡ್ಡ ಸುಳಿ, ಅದರೊಳಗೆ ಸಣ್ಣದು, ಅದರೊಳಗೆ ಇನ್ನೂ ಸಣ್ಣದು. ನೇರವಾಗಿ ಬಿಡಿಸುವುದೆಂದರೆ ಕೊನೆಯ ಸುಳಿಯವರೆಗೂ ಬಲೆಯ ಕಣ್ಣು ಸಣ್ಣದಾಗಬೇಕು. ಸ್ಪಾಲಾರ್ಟ್ 1988ರಲ್ಲಿ ಸಪಾಟು ಹಲಗೆಯ ಪ್ರಕ್ಷುಬ್ಧ ಗಡಿಪದರವನ್ನು ಹಾಗೆ ಬಿಡಿಸಿ ತೋರಿಸಿದರು, ಆದರೆ ಆ ರೆನಾಲ್ಡ್ಸ್ ಸಂಖ್ಯೆ ಈ ಕಣದ್ದಕ್ಕಿಂತ ಬಹಳ ಕಡಿಮೆ. ಚೋಯ್ ಮತ್ತು ಮೊಯಿನ್ 2012ರಲ್ಲಿ ಹಾಕಿದ ಅಂದಾಜಿನಂತೆ ಬೇಕಾದ ಬಿಂದುಗಳ ಸಂಖ್ಯೆ ರೆನಾಲ್ಡ್ಸ್ ಸಂಖ್ಯೆಯ 37/14ನೇ ಘಾತದಂತೆ ಬೆಳೆಯುತ್ತದೆ. ರೆನಾಲ್ಡ್ಸ್ ಸಂಖ್ಯೆ ಹತ್ತು ಪಟ್ಟಾದರೆ ಬಿಂದುಗಳು ಸುಮಾರು 440 ಪಟ್ಟು. ದೊಡ್ಡ ಸುಳಿಗಳನ್ನು ಮಾತ್ರ ಬಿಡಿಸುವ ವಿಧಾನದಲ್ಲೂ, ಗೋಡೆಯವರೆಗೆ ಬಿಡಿಸುವುದಾದರೆ, 72 ಪಟ್ಟು. ಆದ್ದರಿಂದ ನಮ್ಮಂಥವರು ಸರಾಸರಿ ಹರಿವನ್ನು ಬಿಡಿಸಿ, ಸುಳಿಗಳ ಒಟ್ಟು ಪರಿಣಾಮವನ್ನು ಮಾದರಿಗೆ ಒಪ್ಪಿಸುತ್ತೇವೆ. ಮೆಂಟರ್ 1994ರಲ್ಲಿ ಪ್ರಕಟಿಸಿದ ಎಸ್‌ಎಸ್‌ಟಿ ಅಂಥ ಒಂದು ಮಾದರಿ: ಗೋಡೆಯ ಬಳಿ ಕೆ-ಒಮೇಗಾ, ದೂರ ಹೋದಂತೆ ಕೆ-ಎಪ್ಸಿಲಾನ್ ಎಂಬ ಇನ್ನೊಂದು ಮಾದರಿ.

ಎಂಟು ಮೀಟರಿನ ತೂಕಡಿಕೆಯ ಬಗ್ಗೆ ಒಂದು ಮಾತು. ಪದರಹರಿವು (ಕದಡದ ಶಾಂತ ಹರಿವು) ಪ್ರಕ್ಷುಬ್ಧವಾಗುವ ನಿಜವಾದ ಜಾಗ ಅದು ಎಂದು ಪ್ರಾಜೆಕ್ಟ್ ವರದಿಯಲ್ಲಿ ಬರೆದುಬಿಡಬೇಡ. ಈ ಮಾದರಿ ಆ ಬದಲಾವಣೆಯನ್ನು ಹೇಳಲು ಮಾಡಿದ್ದಲ್ಲ. ಪ್ರವೇಶದಲ್ಲಿ ಕೊಟ್ಟ ಸಂಖ್ಯೆಯಂತೆ ಅದು ಎಲ್ಲೆಂದರಲ್ಲಿ ಎಚ್ಚರಗೊಳ್ಳುತ್ತದೆ. ನಿಜವಾದ ಬದಲಾವಣೆ ಗೆರೆ ಎಳೆದ ಹಾಗೆ ಆಗುವುದೂ ಇಲ್ಲ. 1951ರಲ್ಲಿ ಎಮನ್ಸ್ ನೀರಿನ ತೆಳುಹರಿವಿನಲ್ಲಿ ಕಂಡಂತೆ ಅಲ್ಲೊಂದು ಇಲ್ಲೊಂದು ಪ್ರಕ್ಷುಬ್ಧ ಮಚ್ಚೆ ಹುಟ್ಟಿ, ಹರಡುತ್ತ, ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಹೂಮಳೆಯ ಮೊದಲ ಹನಿಗಳು ಇದೇ ಸಿಮೆಂಟ್ ಕಣದ ಮೇಲೆ ಬೀಳುವುದನ್ನು ನೋಡಿದ್ದೀಯಲ್ಲ, ಹಾಗೆ.

ಒಂದು ಜಾಗದಲ್ಲಿ ಹರಿವು ಎಷ್ಟು ಪಾಲು ಹೊತ್ತು ಪ್ರಕ್ಷುಬ್ಧವಾಗಿರುತ್ತದೆ ಎಂಬುದಕ್ಕೆ ಇಂದಿಗೂ ಬಳಕೆಯಲ್ಲಿರುವ ಸೂತ್ರ ಬಂದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ. ಸತೀಶ್ ಧವನ್ ಮತ್ತು ಅವರ ಶಿಷ್ಯ ರೊದ್ದಂ ನರಸಿಂಹ, 1958ರ ಪ್ರಬಂಧ. ಧವನ್ ಎಂದರೆ ನಮಗೆ ರಾಕೆಟ್ಟೇ ನೆನಪಾಗುತ್ತದೆ. ಅದಕ್ಕೆ ಮೊದಲು ಅವರು ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ಅಳೆದದ್ದು ನೀನೀಗ ಒದ್ದಾಡುತ್ತಿರುವ ಇದೇ ಸಂಖ್ಯೆಯನ್ನು. ಸಪಾಟು ಮೇಲ್ಮೈಯ ಒಂದು ಸಣ್ಣ ತುಂಡನ್ನು ಬಿಡಿಯಾಗಿ ತೇಲುವಂತೆ ಜೋಡಿಸಿ, ಗಾಳಿ ಅದನ್ನು ಎಷ್ಟು ಎಳೆಯುತ್ತದೆ ಎಂದು ನೇರವಾಗಿ ತೂಗಿದರು. ಅಂಥ ಅಳತೆಗಳು ಇದ್ದುದರಿಂದಲೇ ಇವತ್ತು 0.0022 ಸುಳ್ಳು ಎಂದು ಕುಶಾಲನಗರದಲ್ಲಿ ಕುಳಿತು ಹೇಳಲು ನನಗೆ ಧೈರ್ಯ.

ನಾಪೋಕ್ಲು ತೋಟದಿಂದ
ಶನಿವಾರ, ಮಧ್ಯಾಹ್ನ 1.30

ನೀವೆಲ್ಲ ಬರೆದದ್ದರಲ್ಲಿ ಅರ್ಧ ನನಗೆ ತಿಳಿಯಲಿಲ್ಲ. ಉಳಿದರ್ಧದ ಬಗ್ಗೆ ಒಂದೆರಡು ಮಾತು. ನಲವತ್ತು ವರ್ಷದಿಂದ ಕಾಫಿ ಒಣಗಿಸುತ್ತಿದ್ದೇನೆ. ನೆಲಕ್ಕೆ ಗಾಳಿ ಎಷ್ಟು ಉಜ್ಜುತ್ತದೆ ಎಂದು ತಿಳಿದು ಕಾಫಿಗೆ ಏನಾಗಬೇಕು? ಎರಡನೆಯದು, ನೀವು ಹೇಳುವ ನುಣುಪಾದ ನೆಲ ಎಲ್ಲಿದೆ? ಕಣದ ಮೇಲೆ ಚೆರ್ರಿ ಇರುತ್ತದೆ, ನಮ್ಮ ಆಳುಗಳು ಗಂಟೆಗೊಮ್ಮೆ ಹಲಗೆ ಎಳೆದು ಸಾಲು ಮಾಡುತ್ತಾರೆ. ಮೂರನೆಯದು, ಜನವರಿಯಲ್ಲಿ ಬೆಳಗ್ಗೆ ಹತ್ತರವರೆಗೆ ನಮ್ಮಲ್ಲಿ ಮಂಜು. ಸಿಲ್ವರ್ ಓಕ್‌ನ ಒಂದು ಎಲೆಯೂ ಅಲುಗುವುದಿಲ್ಲ. ನಿಮ್ಮ ಮೂರು ಮೀಟರ್ ಗಾಳಿ ಯಾವ ಊರಿನದು ಮಗಳೇ?

ಕಣದಂಚಿನವಳು
ಶನಿವಾರ, ಮಧ್ಯಾಹ್ನ 2.15

ಅಂಕಲ್, ಮಧ್ಯಾಹ್ನದ ಮೇಲೆ ಬೀಸುವ ಗಾಳಿ ಎಂದು ಅಂದಾಜಿಗೆ ತೆಗೆದುಕೊಂಡೆ. ಅಳೆದಿಲ್ಲ, ನಿಜ.

ಉಜ್ಜುವಿಕೆಯ ಪ್ರಶ್ನೆಗೆ ನನಗೆ ತಿಳಿದಷ್ಟು: ಮೇಲಿನ ವೇಗದ ಗಾಳಿಯನ್ನು ನೆಲಕ್ಕೆ ತಂದು ಉಜ್ಜಿಸುವ ಸುಳಿಗಳೇ ನೆಲದ ಬಳಿಯ ತೇವದ ಗಾಳಿಯನ್ನು ಎತ್ತಿ ಮೇಲಕ್ಕೆ ಒಯ್ಯುವುದು. ಆದ್ದರಿಂದ ಘರ್ಷಣಾಂಕ ಸಿಕ್ಕರೆ ತೇವ ಎಷ್ಟು ಬೇಗ ಹೊರಹೋಗುತ್ತದೆ ಎಂಬ ಅಂದಾಜೂ ಸಿಗುತ್ತದೆ. ಚಿಲ್ಟನ್ ಮತ್ತು ಕೋಲ್ಬರ್ನ್ ಎಂಬ ಇಬ್ಬರು ಎಂಜಿನಿಯರುಗಳು 1934ರಲ್ಲಿ ಈ ನಂಟನ್ನು ಸೂತ್ರವಾಗಿಸಿದರು.

ಹಾರಂಗಿ ಮೇಷ್ಟ್ರು
ಶನಿವಾರ, ಸಂಜೆ 5.50

ತೋಟದ ಯಜಮಾನರ ಎರಡನೆಯ ಪ್ರಶ್ನೆಗೆ ನಾವು ಯಾರೂ ಉತ್ತರ ಕೊಡದೆ ಜಾರಿಕೊಳ್ಳಬಾರದು. ಚೆರ್ರಿಯೊಂದು ಸುಮಾರು 1 ಸೆಂ.ಮೀ. ಇರುತ್ತದೆ. ಮೇಲಿನ ಲೆಕ್ಕದಲ್ಲಿ ವೈ-ಪ್ಲಸ್ 1 ಎಂದರೆ 0.15 ಮಿ.ಮೀ. ಎಂದೆವು. ಹಾಗಾದರೆ ಅದೇ ಅಳತೆಯಲ್ಲಿ ಒಂದು ಚೆರ್ರಿಯ ಎತ್ತರವೇ 68! ನಿಕುರಾಡ್ಸೆ 1933ರಲ್ಲಿ ಕೊಳವೆಯೊಳಗೆ ಮರಳು ಅಂಟಿಸಿ ಮಾಡಿದ ಪ್ರಯೋಗಗಳ ಪ್ರಕಾರ ಉಬ್ಬುತಗ್ಗು 5ರ ಕೆಳಗಿದ್ದರೆ ಗಾಳಿಗೆ ಅದು ನುಣುಪು, 70ರ ಮೇಲಿದ್ದರೆ ಪೂರ್ತಿ ಒರಟು. ಹಲಗೆ ಎಳೆದ ಸಾಲು ಸೇರಿದರೆ ನಿಸ್ಸಂದೇಹವಾಗಿ ಒರಟೇ. ಅಂದರೆ ಕಾಫಿ ಹರಡಿದ ಕಣಕ್ಕೆ 0.0026 ಸಲ್ಲುವುದಿಲ್ಲ, ಅದಕ್ಕಿಂತ ಸಾಕಷ್ಟು ಹೆಚ್ಚೇ ಬರಬೇಕು. ಅದರ ಮೇಲೆ, ಕಣಕ್ಕೆ ಬರುವ ಗಾಳಿ ಮರಗಳ ಮೇಲಿಂದ ಆಗಲೇ ಕದಡಿಕೊಂಡು ಬರುತ್ತದೆ, ಹಲಗೆಯ ಅಂಚಿನಿಂದ ಹೊಸದಾಗಿ ಶುರುವಾಗುವುದಿಲ್ಲ.

ಹಾಗೆಂದು ಬರಿ ನೆಲದ ಲೆಕ್ಕ ವ್ಯರ್ಥವಲ್ಲ. ತಕ್ಕಡಿಯ ಮುಳ್ಳು ಸೊನ್ನೆಯಲ್ಲಿದೆಯೇ ಎಂದು ನೋಡಿಯೇ ಕಾಫಿ ತೂಗುವುದು.

ಜಾಲರಿ ಜಗಳಗಂಟ
ಶನಿವಾರ, ರಾತ್ರಿ 8.00

ಸೊನ್ನೆ ನೋಡುವ ವಿಧಾನ. ನಾಸಾದ ಲ್ಯಾಂಗ್ಲಿ ಕೇಂದ್ರದವರು ಪ್ರಕ್ಷುಬ್ಧತೆಯ ಮಾದರಿಗಳನ್ನು ಪರೀಕ್ಷಿಸಲೆಂದೇ ಸಪಾಟು ಹಲಗೆಯ ಮೆಶ್‌ಗಳನ್ನು (ಲೆಕ್ಕದ ಜಾಲರಿಗಳನ್ನು) ಎಲ್ಲರಿಗೂ ತೆರೆದಿಟ್ಟಿದ್ದಾರೆ. ಐದು ಹಂತ, ಅತಿ ಒತ್ತಾದದ್ದು 545 ಇಂಟು 385. ಏಕಮಾನ ಉದ್ದಕ್ಕೆ ರೆನಾಲ್ಡ್ಸ್ 50 ಲಕ್ಷ, ನಿಮ್ಮ ಕಣದ ನೆರೆಮನೆ. ಎಸ್‌ಎಸ್‌ಟಿಯಲ್ಲಿ ಹಲಗೆಯ ಆರಂಭದಿಂದ 0.97 ಏಕಮಾನ ದೂರದ ಜಾಗದಲ್ಲಿ ಸುಮಾರು 0.0027 ಬರಬೇಕು. ಅದು ಬಾರದೆ ಕಣಕ್ಕೆ ಕಾಲಿಡಬೇಡಿ.

ಆಮೇಲೆ ನಿಮ್ಮ ಮೆಶ್: ಮೊದಲ ಸೆಲ್ 0.3 ಮಿ.ಮೀ., ಒಂದರ ಮೇಲೊಂದು 1.2 ಪಟ್ಟು. ಅರ್ಧ ಮೀಟರಿಗೆ 32 ಪದರ ಸಾಕು. 1.1 ಪಟ್ಟಾದರೆ 54. ನಾನಾದರೆ 1.1 ಹಾಕುತ್ತೇನೆ. ಮುಚ್ಚಳ 10 ಮೀಟರಿಗೆ ಎತ್ತಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಎಲ್ಲವನ್ನೂ ಒಟ್ಟಿಗೆ ತಿದ್ದಿ ‘ಸರಿಯಾಯಿತು’ ಎಂದು ಬರೆದರೆ ನಾನು ಮತ್ತೆ ಜಗಳಕ್ಕೆ ಬರುತ್ತೇನೆ.

ಕಣದಂಚಿನವಳು
ಸೋಮವಾರ, ರಾತ್ರಿ 9.20

ಇವತ್ತು ಬೆಳಗ್ಗೆ ಲೈನ್ ಕೆಲಸಕ್ಕೆಂದು ಕರೆಂಟ್ ತೆಗೆದರು. ಲ್ಯಾಪ್‌ಟಾಪಿನ ಬ್ಯಾಟರಿ ಮುದಿಯಾಗಿದೆ, ಆರು ಗಂಟೆಯ ಲೆಕ್ಕ ಹೋಯಿತು. ಈಗ ಲೆಕ್ಕದ 200 ಸುತ್ತಿಗೊಮ್ಮೆ ಉಳಿಸುವಂತೆ ಮಾಡಿದ್ದೇನೆ. ಇರಲಿ.

ಮುಚ್ಚಳ ಮಾತ್ರ ಎತ್ತಿದೆ: 0.0022 ಇದ್ದದ್ದು 0.0020ಕ್ಕೆ ಇಳಿಯಿತು. ಸರಿಪಡಿಸಿದರೆ ತಪ್ಪು ಹೆಚ್ಚಾಯಿತಲ್ಲ ಎಂದು ನಿಜಕ್ಕೂ ಹೆದರಿದೆ. ಪ್ರವೇಶದ ಪ್ರಕ್ಷುಬ್ಧತೆ ಸರಿಮಾಡಿದೆ: 0.0019. ಮೇಷ್ಟ್ರು ಶುಕ್ರವಾರ ಕಾಗದದಲ್ಲಿ ಹೇಳಿದ್ದೇ 0.0019! ಕೊನೆಗೆ ಮೆಶ್, 1.1 ಪಟ್ಟು: 0.0026. ನಾಸಾದ ಹಲಗೆ ಮೂರನೇ ಹಂತದ ಮೆಶ್‌ನಲ್ಲೇ 0.0027 ಕೊಟ್ಟಿತು.

ಇನ್ನು ಗೋದಾಮು ಕಟ್ಟಬಹುದಲ್ಲವೇ?

ನಾಪೋಕ್ಲು ತೋಟದಿಂದ
ಮಂಗಳವಾರ, ಬೆಳಗ್ಗೆ 6.40

ಕಟ್ಟುವ ಮೊದಲು ಒಂದು ಪ್ರಶ್ನೆ. ಆ ಮೂಲೆಗೆ ಬಿಸಿಲು ಎಷ್ಟು ಹೊತ್ತಿನವರೆಗೆ ಇರುತ್ತದೆ?

ಕಣದಂಚಿನವಳು
ಮಂಗಳವಾರ, ಬೆಳಗ್ಗೆ 7.30

ಎರಡೂವರೆಯವರೆಗೆ. ಆಮೇಲೆ ಗೋದಾಮಿನ ನೆರಳು, ಜೊತೆಗೆ ಹಲಸಿನ ಮರದ್ದು.

ನಾಪೋಕ್ಲು ತೋಟದಿಂದ
ಮಂಗಳವಾರ, ಬೆಳಗ್ಗೆ 7.50

ಹಾಗಾದರೆ ಹೀಗೆ ಮಾಡಿ. ಒಂದೇ ದಿನ ಕೊಯ್ದ ಚೆರ್ರಿಯನ್ನು ಮೂರು ಮೊರದಲ್ಲಿ ಒಂದೊಂದು ಕಿಲೋ ತೂಗಿ ಹಾಕಿ. ಒಂದು ಮೊರ ಮೂಲೆಯಲ್ಲಿ, ಎರಡು ಕಣದ ನಡುವೆ. ಎರಡೂವರೆಗೆ ಮೂಲೆಗೆ ನೆರಳು ಬರುತ್ತದಲ್ಲ, ಆಗ ನಡುವಿನ ಒಂದು ಮೊರಕ್ಕೆ ಟಾರ್ಪಾಲಿನ ನೆರಳು ಕಟ್ಟಿ. ಎತ್ತರಕ್ಕೆ ಕಟ್ಟಿ, ಗಾಳಿ ತಡೆಯಬಾರದು. ಸಂಜೆ ಮೂರನ್ನೂ ತೂಗಿ. ಚೆರ್ರಿ ಒಣಗಿದೆಯೇ ಎಂದು ನಾವು ಮುಷ್ಟಿಯಲ್ಲಿ ಹಿಡಿದು ಕಿವಿಯ ಬಳಿ ಅಲ್ಲಾಡಿಸಿ ನೋಡುತ್ತೇವೆ, ಗಲಗಲ ಎನ್ನಬೇಕು. ಮೊದಲ ದಿನಕ್ಕೆ ಅದು ನಡೆಯುವುದಿಲ್ಲ, ತಕ್ಕಡಿಯೇ ಬೇಕು.

ಹಾರಂಗಿ ಮೇಷ್ಟ್ರು
ಮಂಗಳವಾರ, ಬೆಳಗ್ಗೆ 9.10

ಇದಕ್ಕಿಂತ ಒಳ್ಳೆಯ ಪ್ರಯೋಗವನ್ನು ನಾನು ಯೋಚಿಸಲಾರೆ. ಹಸಿ ಚೆರ್ರಿಯಲ್ಲೇ ಮಾಡು. ಮೇಲ್ಮೈ ತೇವವಾಗಿರುವ ತನಕವೇ ಗಾಳಿಯ ಮಾತು ನಡೆಯುವುದು; ಸಿಪ್ಪೆ ಒಣಗಿದ ಮೇಲೆ ಒಳಗಿನ ನೀರು ಹೊರಬರುವ ವೇಗವೇ ಎಲ್ಲವನ್ನೂ ನಿರ್ಧರಿಸುತ್ತದೆ, ಹೊರಗೆ ಎಷ್ಟು ಬೀಸಿದರೂ ಅಷ್ಟೇ.

ಕಣದಂಚಿನವಳು
ಬುಧವಾರ, ರಾತ್ರಿ 8.35

ತೂಗಿದೆ. ನಡುಕಣದ ಬಿಸಿಲಿನ ಮೊರ 95 ಗ್ರಾಂ ಕಳೆದುಕೊಂಡಿದೆ. ನಡುವೆಯೇ ನೆರಳು ಕಟ್ಟಿದ್ದು 70. ಸೋಮಾರಿ ಮೂಲೆಯದು 60.

ಅಂದರೆ 35 ಗ್ರಾಂ ವ್ಯತ್ಯಾಸದಲ್ಲಿ 25 ನೆರಳಿನದು. ಗಾಳಿಗೆ ಉಳಿದದ್ದು 10. ಅಂಕಲ್‌ಗೆ ಇದು ಮೊದಲೇ ಗೊತ್ತಿತ್ತು ಎನಿಸುತ್ತದೆ.

ಜಾಲರಿ ಜಗಳಗಂಟ
ಬುಧವಾರ, ರಾತ್ರಿ 8.50

ಒಂದೇ ದಿನದ ತೂಕ. ಇನ್ನೂ ಮೂರು ದಿನ ಮಾಡಿ, ಮೊರಗಳ ಜಾಗ ಅದಲುಬದಲು ಮಾಡಿ. ನಿಮ್ಮ ತಕ್ಕಡಿ ಎಷ್ಟು ಗ್ರಾಂ ಆಚೀಚೆ ತೋರಿಸುತ್ತದೆ?

ಕಣದಂಚಿನವಳು
ಬುಧವಾರ, ರಾತ್ರಿ 8.58

ಐದು. ಮಾಡುತ್ತೇನೆ.

ಹಾರಂಗಿ ಮೇಷ್ಟ್ರು
ಬುಧವಾರ, ರಾತ್ರಿ 9.30

ಆ ಹತ್ತು ಗ್ರಾಂ ನಿಜವೆಂದು ಗೊತ್ತಾದರೆ ಅದೇ ನಿನ್ನ ಪ್ರಾಜೆಕ್ಟ್. ಗೋದಾಮಿನ ಹಿಂದೆ ಗಾಳಿ ನೆಲ ಬಿಟ್ಟು ಎದ್ದು, ತಿರುಗಿ ಎಲ್ಲಿ ಬಂದು ತಾಗುತ್ತದೆ ಎಂಬುದನ್ನು ಸರಾಸರಿ ಹರಿವಿನ ಮಾದರಿಗಳು ಸರಿಯಾಗಿ ಹೇಳುವುದು ಅಪರೂಪ, ಕೆ-ಎಪ್ಸಿಲಾನ್ ಅಂತೂ ಅದರಲ್ಲಿ ಹೆಸರು ಕೆಡಿಸಿಕೊಂಡಿದೆ. ಕೋಲುಗಳಿಗೆ ನೂಲು ಕಟ್ಟಿ ಮೂಲೆಯಲ್ಲಿ ನೆಡು. ನೂಲು ಎತ್ತ ಹಾರುತ್ತದೆ ಎಂದು ಬರೆದಿಟ್ಟುಕೊಂಡು ಆಮೇಲೆ ಲೆಕ್ಕಕ್ಕೆ ಹೋಲಿಸು.

ನಾಪೋಕ್ಲು ತೋಟದಿಂದ
ಗುರುವಾರ, ಬೆಳಗ್ಗೆ 6.15

ನನ್ನ ಕಣದಲ್ಲೂ ಅಂಥದೊಂದು ಮೂಲೆಯಿದೆ, ಅಲ್ಲಿ ನೆರಳು ಬೀಳುವುದೇ ಇಲ್ಲ. ಭಾನುವಾರ ಬನ್ನಿ, ನೂಲು ತನ್ನಿ. ಗೇಟಿನಲ್ಲಿ ನಿಂತು ಕೂಗಿ, ನಾಯಿ ಬಿಟ್ಟಿರುತ್ತೇವೆ.

ಕಣದಂಚಿನವಳು
ಗುರುವಾರ, ಬೆಳಗ್ಗೆ 7.40

ಬರುತ್ತೇನೆ ಅಂಕಲ್. ಅಪ್ಪನಿಗೆ ನೆರಳಿನ ವಿಷಯ ಇನ್ನೂ ಹೇಳಿಲ್ಲ. ಹೇಳಿದರೆ ಹಲಸಿನ ಮರಕ್ಕೆ ಗರಗಸ ಬರುತ್ತದೆ. ಅದು ಅಜ್ಜಿ ನೆಟ್ಟ ಮರ.